ಮಳೆ ಹಿಡಿಯುವವರೆಗೆ

ಗೋಪಾಳದ ಕೊನೆಯ ಕ್ರಾಸಿನಲ್ಲಿ ಎರಡನೇ ಮಹಡಿ.
ಬಾಲ್ಕನಿ ಎಂದರೆ ಒಂದು ಬಾಗಿಲಿನಗಲ.
ಅದರಲ್ಲೇ ಬಟ್ಟೆಯ ಹಗ್ಗ, ಖಾಲಿ ಸಿಲಿಂಡರು,
ಹನ್ನೊಂದು ಕುಂಡ.
ಕುಂಡವೆಂದರೂ ಎಲ್ಲವೂ ಕುಂಡವಲ್ಲ:
ಪೇಂಟಿನ ಡಬ್ಬ, ಕಿವಿ ಮುರಿದ ಬಕೆಟ್ಟು,
ಡಿಪೋದಲ್ಲಿ ಎಸೆದಿದ್ದ ಬ್ಯಾಟರಿಯ ಪೆಟ್ಟಿಗೆ.
ಅದರಲ್ಲಿ ನೆಟ್ಟ ದೊಡ್ಡಪತ್ರೆ ಮೂರೇ ದಿನಕ್ಕೆ ಸುಟ್ಟುಹೋಯಿತು;
ಯಾಕೆಂದು ಆಮೇಲೆ ಮೆಕ್ಯಾನಿಕ್ ಹೇಳಿದ,
ನಗುತ್ತ.

ಕೆಲಸ ಹೊಸನಗರದ ಗಾಡಿಯಲ್ಲಿ, ಕಂಡಕ್ಟರು.
ಸಂಜೆ ಹೋದರೆ ಅಲ್ಲೇ ನೈಟ್ ಹಾಲ್ಟು,
ಮರುದಿನ ಎರಡು ಟ್ರಿಪ್ ಮುಗಿಸಿ ಮನೆ.
ಅಷ್ಟರಲ್ಲಿ ಏಪ್ರಿಲ್ ತನ್ನ ಕೆಲಸ ಮಾಡಿರುತ್ತದೆ.
ಗಾಬರಿಯಲ್ಲಿ ಎರಡು ದಿನದ ನೀರು ಒಟ್ಟಿಗೇ ಹೊಯ್ದರೆ
ಕೆಮ್ಮಣ್ಣು ಇಳಿದಿಳಿದು
ಕೆಳಮನೆ ಬೆನೆಡಿಕ್ಟ್ ಮೇಷ್ಟ್ರ ಸ್ಕೂಟರಿನ ಸೀಟಿಗೆ.
ಅವರು ಬೈಯುವುದಿಲ್ಲ.
ಒರೆಸಿದ ಬಟ್ಟೆಯನ್ನು ತಂದು
ನನ್ನ ಮೆಟ್ಟಿಲ ಕಂಬಿಯ ಮೇಲೆ ಒಣಹಾಕುತ್ತಾರೆ.

ಹಳೆ ಸೀರೆಯ ಅಂಚು ಹರಿದು ಬತ್ತಿ ಹೊಸೆದು
ತುಂಬಿದ ಕೊಡದಿಂದ ದಾಸವಾಳಕ್ಕೆ ಇಳಿಬಿಟ್ಟೆ,
ನಾನಿಲ್ಲದಾಗ ಹನಿಹನಿಯಾಗಿ ಕುಡಿಯಲೆಂದು.
ಬಂದು ನೋಡಿದರೆ ಕೊಡ ಖಾಲಿ, ಡಬ್ಬ ಕೆರೆ.
ಮಲ್ಲಿಗೆಗೆ ಬಿಳಿಹಿಟ್ಟಿನಂಥ ಹುಳ.
ಹಲ್ಲುಜ್ಜುವ ಬ್ರಷ್ಷಿನಲ್ಲಿ ಗೆಣ್ಣುಗೆಣ್ಣು ತಿಕ್ಕಿದೆ,
ಬೇವಿನೆಣ್ಣೆ, ಅಂಟುವಾಳದ ನೀರು.
ಎಣ್ಣೆಸ್ನಾನದ ಹಬ್ಬವೆಂದುಕೊಂಡವೋ ಏನೋ,
ನೆಂಟರನ್ನೂ ಕರೆಸಿಕೊಂಡವು.

ನಾಚಿಕೆ ಯಾಕೆಂದರೆ, ಇದು ಮಲೆನಾಡು.
ಆಯನೂರು ದಾಟಿದರೆ ಮೋರಿಯ ಕಲ್ಲುಸಂದಿಯಲ್ಲಿ ಜರಿಗಿಡ,
ಕರೆಂಟು ಕಂಬಕ್ಕೆ ಹೆಸರು ಗೊತ್ತಿಲ್ಲದ ಬಳ್ಳಿ.
ನಮ್ಮ ಬಸ್ಸಿನ ಹಿಂದಿನ ಬಂಪರಿನ ಕೆಸರಲ್ಲೂ
ಹೋದ ಆಗಸ್ಟಿನಲ್ಲಿ ಎರಡೆಲೆ ಎದ್ದಿತ್ತು;
ಡ್ರೈವರ್ ಶೇಷಗಿರಿ ತೊಳೆಸುವವರೆಗೂ
ದಿನಕ್ಕೆ ಇನ್ನೂರು ಕಿಲೋಮೀಟರ್ ತಿರುಗಿತು, ಬಾಡದೆ.

ರಿಪ್ಪನ್‌ಪೇಟೆಯಲ್ಲಿ ಹತ್ತುವ ಗುತ್ಯಮ್ಮ
ಮೇ ತಿಂಗಳಲ್ಲಿ ಸೆರಗಿನಿಂದ ಡೇರೆ ಗೆಡ್ಡೆ ತೆಗೆದು ಕೊಟ್ಟಳು.
“ಕಣ್ಣು ಮೇಲೆ ಮಾಡಿ ನೆಡು ಕಂಡಕ್ಟ್ರಮ್ಮ,
ಮಳೆ ಹಿಡಿಯುವವರೆಗೆ ನೀರು ಮುಟ್ಟಿಸಬೇಡ.”
ಆಯಿತೆಂದೆ.
ರಾತ್ರಿ ಮಣ್ಣು ಬಾಯಾರಿದ ಹಾಗೆ ಕಂಡು
ಒಂದು ಚೊಂಬು. ಒಂದೇ.
ಮರುದಿನವೂ ಒಂದೇ.

ಆಷಾಢದಲ್ಲಿ ಕೇಳಿದಳು: “ಎಷ್ಟೆತ್ತರ ಬಂತೇ?”
ಮೊಣಕಾಲುದ್ದ, ಎಂದೆ.
ಆಮೇಲೊಂದು ದಿನ: “ಮೊಗ್ಗು?”
ಐದು.
ಶ್ರಾವಣದಲ್ಲಿ ಚಿಲ್ಲರೆ ಗಲಾಟೆಯ ನಡುವೆ,
“ಹೂವಾಯ್ತಾ?”
ಆಯ್ತಕ್ಕ, ಕಡುಗೆಂಪು, ಊಟದ ತಟ್ಟೆಯಷ್ಟು!

ಗುತ್ಯಮ್ಮ ಆಧಾರ್ ಕಾರ್ಡನ್ನು
ನಿಧಾನಕ್ಕೆ ಕೈಚೀಲಕ್ಕೆ ಸೇರಿಸಿದಳು.
“ಕೆಂಪಾ?
ನಾ ಕೊಟ್ಟಿದ್ದು ಹಳದಿ ಅಲ್ದನೇ.”

ಅರಸಾಳಿನ ತಿರುವು. ಯಾರ ಮುಖವನ್ನೂ ನೋಡದೆ
ಹಿಂದಿನ ಸೀಟಿನ ಹುಡುಗಿಯರಿಗೆ ಟಿಕೆಟ್ ಹರಿಯಲು ಹೋದೆ.
ಅವರಿಗೆ ಆಗಲೇ ಕೊಟ್ಟಾಗಿತ್ತು.
ಮನೆಗೆ ಬಂದು ಬಕೆಟ್ ಕೆದಕಿದರೆ
ಗೆಡ್ಡೆ ಬೆಣ್ಣೆಯ ಹಾಗೆ ಬೆರಳಿಗೆ ಹತ್ತಿತು.

ಆಮೇಲೆ ಆಕೆ ಡೇರೆಯ ಸುದ್ದಿ ಎತ್ತಲಿಲ್ಲ.
ಮಗಳ ಬಾಣಂತನ, ಮಂಗನ ಕಾಟ,
ಸೊಂಟ ನೋವು, ಇವೇ.
ನಾನೂ ಎತ್ತಲಿಲ್ಲ.

ಈ ಮೇ ತಿಂಗಳ ಸಂತೆ ದಿನ
ಕೈಗೊಂದು ಪೊಟ್ಟಣ ತುರುಕಿದಳು.
ವರ್ಷವಿಡೀ ನಾನೇ ಹರಿದುಕೊಟ್ಟ ಸೊನ್ನೆ ಟಿಕೆಟ್ಟುಗಳು,
ಬಾಳೆನಾರಿನಲ್ಲಿ ಕಟ್ಟಿದ್ದು,
ಒಳಗೆ ಗೆಡ್ಡೆ, ಒಣಮಣ್ಣು ಮೆತ್ತಿಕೊಂಡು.
“ಕೆಂಪಿಂದು,” ಎಂದಳು,
“ನಿನ್ನ ಮಾತು ಉಳೀಲಿ.”

ನೆಟ್ಟಿದ್ದೇನೆ, ಕಣ್ಣು ಮೇಲೆ ಮಾಡಿ.
ಚೊಂಬನ್ನು ಕೆಳಗೆ ಒಯ್ದು
ಬೆನೆಡಿಕ್ಟ್ ಮೇಷ್ಟ್ರ ಕೈಗೆ ಕೊಟ್ಟೆ:
ಮಳೆ ಹಿಡಿಯುವವರೆಗೆ ಇಟ್ಟುಕೊಳ್ಳಿ,
ನಾನು ಬಂದು ಕೇಳಿದರೂ ಕೊಡಬೇಡಿ.
ಮೇಷ್ಟ್ರು ಚೊಂಬು ನೋಡಿದರು, ಬಾಲ್ಕನಿ ನೋಡಿದರು,
ಒಳಗಿಟ್ಟು ಬಂದು
ಸ್ಕೂಟರನ್ನು ಒಂದು ಮಾರು ಆಚೆ ಸರಿಸಿದರು.